ಹೇರ್‌ಪಿನ್ ಕಳೆದು ತುಳಿದರೆ ಕಾರು ತಡವರಿಸುತ್ತದೆ: ತಪ್ಪು ಗೇರ್‌ಬಾಕ್ಸಿನದಾ, ಟರ್ಬೊದ್ದಾ, ಪೆಡಲಿನದಾ?

ಮೂಡಿಗೆರೆ ಮಳೆ

ನಮಸ್ಕಾರ. ನನ್ನದು ಟರ್ಬೊ ಪೆಟ್ರೋಲ್ ಸೆಡಾನ್, 7 ಗೇರಿನ ಡ್ರೈ ಕ್ಲಚ್ ಡಿಸಿಟಿ, ಅಂದರೆ ಎರಡು ಒಣ ಕ್ಲಚ್ ಇರುವ ಆಟೊಮ್ಯಾಟಿಕ್. ಯಾವ ಕಂಪನಿ ಅಂತ ಬರೆಯುತ್ತಿಲ್ಲ. ಬರೆದರೆ ಅರ್ಧ ಜನ ಕಂಪನಿಗೆ ಬೈಯುತ್ತಾರೆ, ಇನ್ನರ್ಧ ಜನ ನನಗೆ ಬೈಯುತ್ತಾರೆ.

ಹೈವೇಯಲ್ಲಿ ಏನೂ ತಕರಾರಿಲ್ಲ. ಹಾಸನದಿಂದ ಚನ್ನರಾಯಪಟ್ಟಣದ ಕಡೆ ನಾಲ್ಕು ಲೇನಿನಲ್ಲಿ ಹೋಗುವಾಗ ಇದಕ್ಕಿಂತ ಒಳ್ಳೆ ಗೇರ್‌ಬಾಕ್ಸ್ ಬೇಕಾ ಅನಿಸುತ್ತದೆ. ತೊಂದರೆ ಇರುವುದು ಚಾರ್ಮಾಡಿಯಲ್ಲಿ. ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗ ಹೇರ್‌ಪಿನ್ ಒಳಗೆ ನಿಧಾನ ಮಾಡುತ್ತೇನೆ. ತಿರುವು ಮುಗಿದು ತುಳಿದರೆ ಏನೂ ಆಗುವುದಿಲ್ಲ. ಇನ್ನೂ ಸ್ವಲ್ಪ ತುಳಿಯುತ್ತೇನೆ. ಆಗ ಒಮ್ಮೆಗೇ ನುಗ್ಗುತ್ತದೆ. ಮಳೆ ಇದ್ದರೆ ಮುಂದಿನ ಚಕ್ರ ಜಾರಿ ಟ್ರ್ಯಾಕ್ಷನ್ ಲೈಟ್ ಮಿನುಗುತ್ತದೆ. ಹಿಂದೆ ಬಸ್ ಬರುತ್ತಿದ್ದರೆ ಆ ಒಂದು ಕ್ಷಣ ಎದೆ ಧಸಕ್ ಅನ್ನುತ್ತದೆ.

ಸರ್ವೀಸ್ ಸೆಂಟರಿನಲ್ಲಿ "ಸರ್, ಈ ಕಾರು ಹಾಗೇ" ಅಂದರು. ಒಂದು ಆಕ್ಸೆಸರಿ ಅಂಗಡಿಯವರು ಥ್ರಾಟಲ್ ಕಂಟ್ರೋಲರ್ ಅಂತ ಒಂದು ಡಬ್ಬಿ ತೋರಿಸಿ, ಹಾಕಿದರೆ ಪವರ್ ಜಾಸ್ತಿ ಆಗುತ್ತದೆ, ಲ್ಯಾಗ್, ಅಂದರೆ ತುಳಿದ ಮೇಲೆ ಆಗುವ ತಡ, ಹೋಗುತ್ತದೆ ಎಂದರು. ಹಾಕಿಸಲಾ?

ಕ್ಲಚ್ ಪ್ರೇಮಿ

ಡಬ್ಬಿ ದುಡ್ಡಿಗೆ ಸ್ವಲ್ಪ ಸೇರಿಸಿ ಮ್ಯಾನ್ಯುಯಲ್ ಕಾರು ತಗೊಳ್ಳಿ. ಎಡಗಾಲಿಗೂ ದೇವರು ಏನೋ ಕೆಲಸ ಇಟ್ಟಿದ್ದಾನೆ.

ಗ್ಯಾರೇಜ್ ಹಾಸನ

ಕ್ಲಚ್ ಪ್ರೇಮಿಗಳು ಎಲ್ಲ ಚರ್ಚೆಯಲ್ಲೂ ಇದನ್ನೇ ಬರೆಯುತ್ತಾರೆ. ಇರಲಿ, ಡಬ್ಬಿ ವಿಷಯಕ್ಕೆ ಬರುತ್ತೇನೆ.

ಈಗಿನ ಯಾವ ಪೆಟ್ರೋಲ್ ಕಾರಿನಲ್ಲೂ ನಿಮ್ಮ ಕಾಲಿಗೂ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ಲಿಗೂ ನಡುವೆ ತಂತಿ ಇಲ್ಲ. ಪೆಡಲಿನ ಕೆಳಗೆ ಸೆನ್ಸರ್ ಇದೆ. ಒಂದಕ್ಕೆರಡು ಸಿಗ್ನಲ್ ಕೊಡುತ್ತದೆ. ಎರಡೂ ತಾಳೆ ಆಗದಿದ್ದರೆ ಕಾರು ಶಕ್ತಿ ತಗ್ಗಿಸಿಕೊಂಡು ಕುಂಟುವ ಲಿಂಪ್ ಮೋಡಿಗೆ ಹೋಗುತ್ತದೆ. ಆ ಸಿಗ್ನಲ್ ನೋಡಿ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು "ಇವರಿಗೆ ಇಷ್ಟು ಟಾರ್ಕ್ (ತಿರುಗಿಸುವ ಬಲ) ಬೇಕಂತೆ" ಎಂದು ಲೆಕ್ಕ ಹಾಕುತ್ತದೆ. ಆಮೇಲೆ ಗೇರ್‌ಬಾಕ್ಸಿನ ಮಿತಿ ಎಷ್ಟು, ಚಕ್ರ ಜಾರುತ್ತಿದೆಯಾ, ಹೊಗೆ ನಿಯಮ ಏನು ಅಂತ ಎಲ್ಲ ನೋಡಿ ಥ್ರಾಟಲ್ ತೆರೆಯುತ್ತದೆ. ಥ್ರಾಟಲ್ ತಟ್ಟೆ ತಿರುಗುವ ಕೆಲಸ ಭಾರಿ ಬೇಗ ಮುಗಿಯುತ್ತದೆ. ಮುಚ್ಚಿದ್ದು ಪೂರ್ತಿ ತೆರೆಯಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅದು ನಿಮ್ಮ ಅನುಭವಕ್ಕೂ ಬರುವುದಿಲ್ಲ.

ಆ ಡಬ್ಬಿ ಕೂರುವುದು ಪೆಡಲ್ ಸೆನ್ಸರ್ ಮತ್ತು ಇಸಿಯು ನಡುವೆ. ನೀವು ಶೇ 30 ತುಳಿದರೆ ಅದು ಇಸಿಯುಗೆ ಶೇ 50 ಅಂತ ಹೇಳುತ್ತದೆ. ಅಷ್ಟೇ. ಪೂರ್ತಿ ತುಳಿದಾಗ ಡಬ್ಬಿ ಇದ್ದರೂ 100, ಇಲ್ಲದಿದ್ದರೂ 100. ಒಂದು ಪಿಎಸ್ (ಅಶ್ವಶಕ್ತಿ) ಕೂಡ ಜಾಸ್ತಿ ಆಗುವುದಿಲ್ಲ. ಕಾರು ಚುರುಕಾಯಿತು ಅನಿಸುತ್ತದೆ, ಯಾಕೆಂದರೆ ಮೊದಲ ಅರ್ಧ ಇಂಚಿನಲ್ಲೇ ಎಲ್ಲ ಸಿಗುತ್ತದೆ. ಅದೇ ಕೆಲಸವನ್ನು ನಿಮ್ಮ ಕಾರಿನ ಸ್ಪೋರ್ಟ್ ಮೋಡ್ ಸುಮ್ನೆ ಮಾಡಿಕೊಡುತ್ತದೆ.

ನಿಮ್ಮ ಕೇಸಿನಲ್ಲಿ ಇದರಿಂದ ಕೆಡುಕೇ ಜಾಸ್ತಿ. ಈಗಾಗಲೇ "ಏನೂ ಇಲ್ಲ, ಆಮೇಲೆ ಒಮ್ಮೆಗೇ ನುಗ್ಗುತ್ತದೆ" ಅಂತಿದ್ದೀರಿ. ಡಬ್ಬಿ ಹಾಕಿದರೆ ನುಗ್ಗುವುದು ಇನ್ನೂ ಜೋರಾಗುತ್ತದೆ. ಒದ್ದೆ ರಸ್ತೆಯಲ್ಲಿ ಅದು ಬೇಡ. ವಾರಂಟಿ ಇರುವ ಕಾರಿನ ವೈರಿಂಗಿಗೆ ಕೈ ಹಾಕುವುದೂ ಬೇಡ.

ಕೈಮರ ತಿರುವು

ಗ್ಯಾರೇಜ್ ಅವರು ಹೇಳಿದ್ದು ಸರಿ. ಆದರೆ ಮಳೆಯವರ ತೊಂದರೆ ಪೆಡಲಿನ ಲೆಕ್ಕದ್ದಲ್ಲ ಅಂತ ನನ್ನ ಅಂದಾಜು. ಆರ್‌ಪಿಎಂ ಎಷ್ಟಿತ್ತು ಅಂತ ನೋಡಿದ್ದೀರಾ?

ಹೇರ್‌ಪಿನ್ ಒಳಗೆ ವೇಗ 15 ಕಿಮೀಗೆ ಇಳಿಯುತ್ತದೆ. ಇಂಥ ಕಾರುಗಳಲ್ಲಿ 2ನೇ ಗೇರ್ ಸಾವಿರ ಆರ್‌ಪಿಎಂಗೆ ಸುಮಾರು 12 ಕಿಮೀ ಕೊಡುತ್ತದೆ. ಅಂದರೆ ನೀವು 1,300ರ ಆಸುಪಾಸಿನಲ್ಲಿದ್ದೀರಿ. ಟರ್ಬೊ ಹೊಗೆಯ ಬಲದಲ್ಲಿ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಅಷ್ಟರಲ್ಲಿ ಅದನ್ನು ತಿರುಗಿಸುವಷ್ಟು ಹೊಗೆ ಎಂಜಿನ್ನಿನಿಂದ ಹೊರಗೆ ಬರುವುದಿಲ್ಲ. ಟರ್ಬೊ ಇಲ್ಲದಿದ್ದರೆ ನಿಮ್ಮದು ಒಂದು ಸಣ್ಣ, ಬಡಪಾಯಿ ಎಂಜಿನ್. ಮೇಲಾಗಿ ಏರು, ಕಾರಿನಲ್ಲಿ ಜನ, ಡಿಕ್ಕಿಯಲ್ಲಿ ಸಾಮಾನು.

ಇಂಥ ಕಡೆ 1ನೇ ಗೇರ್ ಬೇಕು. ಆದರೆ ಕಾರು ಚಲಿಸುತ್ತಿರುವಾಗ 1ಕ್ಕೆ ಇಳಿಯಲು ಬಹುಪಾಲು ಡಿಸಿಟಿಗಳಿಗೆ ಇಷ್ಟವಿಲ್ಲ. ಇಳಿದರೆ ಜರ್ಕ್ ಬರುತ್ತದೆ, ಗಿರಾಕಿ ಬೈಯುತ್ತಾನೆ. ಹಾಗಾಗಿ 2ರಲ್ಲೇ ಕ್ಲಚ್ ಸ್ವಲ್ಪ ಜಾರಿಸಿಕೊಂಡು ನೋಡುತ್ತದೆ. ನೀವು ಇನ್ನೂ ತುಳಿದಾಗ ಬೇರೆ ದಾರಿ ಇಲ್ಲದೆ 1ಕ್ಕೆ ಇಳಿಯುತ್ತದೆ. ಅಷ್ಟೊತ್ತಿಗೆ ಟರ್ಬೊ ಕೂಡ ಎದ್ದಿರುತ್ತದೆ. ಎರಡೂ ಒಟ್ಟಿಗೆ ಬರುತ್ತವೆ. ನಿಮ್ಮ "ಒಮ್ಮೆಗೇ ನುಗ್ಗುತ್ತದೆ" ಅಂದರೆ ಇದು.

ಲ್ಯಾಗ್ ಅಂತ ಎಲ್ಲರೂ ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಒಳಗೆ ನೋಡಿದರೆ ಪೆಡಲ್ ಮ್ಯಾಪ್ ಬೇರೆ, ಇಸಿಯು ಟಾರ್ಕ್ ಕತ್ತರಿಸುವುದು ಬೇರೆ, ಟರ್ಬೊ ಬೇರೆ, ಗೇರ್‌ಬಾಕ್ಸ್ ಬೇರೆ. ಯಾವುದು ಅಂತ ಗೊತ್ತಿಲ್ಲದೆ ದುಡ್ಡು ಹಾಕಬೇಡಿ.

ಮೂಡಿಗೆರೆ ಮಳೆ

ಗೇರ್ 2 ಅಂತಲೇ ತೋರಿಸುತ್ತಿರುತ್ತದೆ, ಅದು ನೆನಪಿದೆ. ಆರ್‌ಪಿಎಂ ನೋಡಿಲ್ಲ, ಕಣ್ಣು ರಸ್ತೆ ಮೇಲೆ ಇರುತ್ತದಲ್ಲ. ಸ್ಪೋರ್ಟ್ ಮೋಡಿನಲ್ಲಿ ಸ್ವಲ್ಪ ವಾಸಿ, ಆದರೆ ಪೂರ್ತಿ ಹೋಗುವುದಿಲ್ಲ. ದೊಡ್ಡ ಕಾರುಗಳಲ್ಲೂ ಹೀಗೇನಾ? 300, 400 ಪಿಎಸ್ ಇರುವವರು ಯಾರಾದರೂ ಇದ್ದೀರಾ ಇಲ್ಲಿ?

ಅರೇಬಿಕಾ ಆರು ಸಿಲಿಂಡರ್

ಇದ್ದೇನೆ. ನಮ್ಮ ಮನೆಯಲ್ಲಿ ಬಿಎಂಡಬ್ಲ್ಯು ಎಂ340ಐ ಇದೆ. ಕಾಫಿಗೆ ಒಳ್ಳೆ ರೇಟ್ ಬಂದ ವರ್ಷದ ಹುಚ್ಚು ಅಂತ ಅಪ್ಪ ಈಗಲೂ ಹೇಳುತ್ತಾರೆ. 3 ಲೀಟರ್, ಆರು ಸಿಲಿಂಡರ್, ಟರ್ಬೊ, 500 ನ್ಯೂಟನ್ ಮೀಟರ್ ಟಾರ್ಕ್. ಗೇರ್‌ಬಾಕ್ಸ್ ಝಡ್‌ಎಫ್ ಕಂಪನಿಯ 8 ಗೇರಿನ ಟಾರ್ಕ್ ಕನ್ವರ್ಟರ್.

ಚಾರ್ಮಾಡಿಯಲ್ಲಿ ನೀವು ಹೇಳಿದ ತಡವರಿಕೆ ಇದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಎರಡು ಕಾರಣ. ಎಂಜಿನ್ ದೊಡ್ಡದು, ಟರ್ಬೊ ಏಳುವ ಮೊದಲೇ ಎಳೆಯುವ ಶಕ್ತಿ ಇದೆ. ಇನ್ನೊಂದು ಟಾರ್ಕ್ ಕನ್ವರ್ಟರ್. ಅದರಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಇರುವುದು ಎಣ್ಣೆ. ನಿಧಾನ ಇರುವಾಗ ಎಂಜಿನ್ ಬೇಗ ತಿರುಗಿ ಮೇಲಕ್ಕೆ ಹೋಗಲು ಅದು ಬಿಡುತ್ತದೆ, ಜೊತೆಗೆ ಟಾರ್ಕನ್ನೂ ಹೆಚ್ಚಿಸುತ್ತದೆ. ನಿಂತಲ್ಲಿಂದ ಹೊರಡುವಾಗ ಸುಮಾರು ಎರಡು ಪಟ್ಟು. ಡ್ರೈ ಕ್ಲಚ್ಚಿನಲ್ಲಿ ಈ ಸೌಲಭ್ಯ ಇಲ್ಲ. ವೇಗ ಹಿಡಿದ ಮೇಲೆ ಲಾಕ್ ಅಪ್ ಕ್ಲಚ್ ಹಿಡಿದುಕೊಂಡು ಎಣ್ಣೆಯ ಜಾರಿಕೆ ನಿಲ್ಲುತ್ತದೆ.

"ಟಾರ್ಕ್ ಕನ್ವರ್ಟರ್ ಅಂದರೆ ಸೋಮಾರಿ" ಅನ್ನುವುದು ಹಳೆ 4 ಗೇರಿನ ಕಾಲದ ಮಾತು. ಈ ಝಡ್‌ಎಫ್ 8ಎಚ್‌ಪಿ 2009ರಲ್ಲಿ 7 ಸೀರೀಸಿನಲ್ಲಿ ಬಂತು. ಆಮೇಲೆ ಬಿಎಂಡಬ್ಲ್ಯು ತನ್ನ ಅತಿ ವೇಗದ ಎಂ ಕಾರುಗಳಲ್ಲೂ ಇದಕ್ಕೇ ಬಂತು. ಹಿಂದಿನ ಎಂ3ಯಲ್ಲಿ ಡ್ಯುಯಲ್ ಕ್ಲಚ್ ಇತ್ತು. ಈಗಿನ ಜಿ80 ತಲೆಮಾರಿನ ಎಂ3ಯಲ್ಲಿ, ಎಫ್90 ತಲೆಮಾರಿನಿಂದ ಮುಂದಿನ ಎಂ5ನಲ್ಲಿ 8 ಗೇರಿನ ಟಾರ್ಕ್ ಕನ್ವರ್ಟರ್. ಅಷ್ಟು ತಲೆಕೆಟ್ಟ ಕಾರಿಗೇ ಅದು ಸಾಕಾಗಿದೆ ಅಂದರೆ ನಮ್ಮ ಬೇಲೂರು ರಸ್ತೆಗೆ ಸಾಕಾಗಲ್ವಾ?

ಬೇಲೂರು ಬೈಪಾಸ್

ಅರೇಬಿಕಾ, ನಿಮ್ಮ ಕಾರು ಚೆನ್ನಾಗಿದೆ, ಒಪ್ಪಿದೆ. ಆದರೆ ಡ್ಯುಯಲ್ ಕ್ಲಚ್ಚನ್ನು ಇಷ್ಟು ಸುಲಭವಾಗಿ ಮೂಲೆಗೆ ತಳ್ಳಬೇಡಿ. ಪೋರ್ಷೆ 1980ರ ದಶಕದಲ್ಲೇ ರೇಸ್ ಕಾರಿನಲ್ಲಿ ಪಿಡಿಕೆ ಹೆಸರಿನ ಡ್ಯುಯಲ್ ಕ್ಲಚ್ ಹಾಕಿ ಓಡಿಸಿತ್ತು. 2008ರಿಂದ 911ರಲ್ಲಿ ಮಾರುತ್ತಿದೆ, ಇವತ್ತಿಗೂ ಬಿಟ್ಟಿಲ್ಲ. ಫೋಕ್ಸ್‌ವ್ಯಾಗನ್ 2003ರಲ್ಲಿ ಗಾಲ್ಫ್ ಆರ್32ನಲ್ಲಿ ತನ್ನ ಡ್ಯುಯಲ್ ಕ್ಲಚ್ ಡಿಎಸ್‌ಜಿ ತಂದಿತು. ನಿಸಾನ್ ಜಿಟಿ-ಆರ್ ಪೂರ್ತಿ ಇದರ ಮೇಲೇ ಹೆಸರು ಮಾಡಿದ ಕಾರು.

ಕೆಲಸ ಮಾಡುವ ರೀತಿ ಗೊತ್ತಾದರೆ ಅರ್ಧ ಜಗಳ ಮುಗಿಯುತ್ತದೆ. 1, 3, 5, 7 ಒಂದು ಕ್ಲಚ್ಚಿನ ಕಡೆ. 2, 4, 6 ಇನ್ನೊಂದರ ಕಡೆ. ನೀವು 3ರಲ್ಲಿ ತುಳಿದುಕೊಂಡು ಹೋಗುತ್ತಿದ್ದರೆ ಅದು 4ನ್ನು ಮೊದಲೇ ಹಾಕಿಟ್ಟು ಕಾಯುತ್ತಿರುತ್ತದೆ. ಒಂದು ಕ್ಲಚ್ ಬಿಟ್ಟು ಇನ್ನೊಂದು ಹಿಡಿದರೆ ಮುಗಿಯಿತು. ಎಳೆತ ನಿಲ್ಲುವುದೇ ಇಲ್ಲ. ಅದಕ್ಕೇ ಮೇಲಿನ ಗೇರಿಗೆ ಹೋಗುವಾಗ ಅಷ್ಟು ಚುರುಕು.

ತೊಂದರೆ ಬರುವುದು ಅದರ ಊಹೆ ತಪ್ಪಿದಾಗ. 6ರಲ್ಲಿ ಆರಾಮಾಗಿ ಹೋಗುತ್ತಿದ್ದೀರಿ. ಪಕ್ಕದಲ್ಲಿ 7 ರೆಡಿ ಇದೆ. ಹಿರೀಸಾವೆ ಹತ್ತಿರ ಲಾರಿ ದಾಟಲು ಧಡ್ ಅಂತ ತುಳಿದಿರಿ. ಈಗ ಬೇಕಿರುವುದು 3. ರೆಡಿ ಇಟ್ಟಿದ್ದ 7 ಬಿಡಬೇಕು, 3 ಹಾಕಬೇಕು, ಆರ್‌ಪಿಎಂ ಹೊಂದಿಸಬೇಕು, ಆಮೇಲೆ ಕ್ಲಚ್ ಬದಲಿಸಬೇಕು. 6ರಿಂದ 2ಕ್ಕೆ ಆದರೆ ಇನ್ನೂ ಕಷ್ಟ. ಎರಡೂ ಒಂದೇ ಕ್ಲಚ್ಚಿನ ಕಡೆ ಇವೆ, ಹಾಗಾಗಿ ನಡುವೆ ಇನ್ನೊಂದು ಕ್ಲಚ್ಚಿನ ಕಡೆಯ ಗೇರಿನ ಮೇಲೆ ಕಾಲಿಟ್ಟು ಬರಬೇಕು. ಆ ತಡಕ್ಕೆ ನಾವು ಗೇರ್‌ಬಾಕ್ಸ್ ಕೆಟ್ಟಿದೆ ಅನ್ನುತ್ತೇವೆ. ಅದಕ್ಕೆ ಏನು ಗೊತ್ತು ಮುಂದೆ ಲಾರಿ ಇದೆ ಅಂತ? ಕಣ್ಣು ಇರುವುದು ನಿಮಗೆ. ಸ್ಟೀರಿಂಗ್ ಹಿಂದೆ ಗೇರ್ ಇಳಿಸುವ ಎಡ ಪ್ಯಾಡಲ್ ಮೂರು ಸಲ ಒತ್ತಿ, ಆಮೇಲೆ ತುಳಿಯಿರಿ. ಕ್ಷಣದಲ್ಲಿ ಆಗುತ್ತದೆ.

ಕ್ಲಚ್ ಪ್ರೇಮಿ

ಅಂದರೆ ಆಟೊಮ್ಯಾಟಿಕ್ ತಗೊಂಡು ಕೈಯಲ್ಲಿ ಗೇರ್ ಹಾಕಿ ಅಂತಿದ್ದೀರಿ. ನಾನು ಮೊದಲೇ ಹೇಳಿದ್ದು ಅದನ್ನೇ ಅಲ್ವಾ?

ಬೇಲೂರು ಬೈಪಾಸ್

ಬೆಂಗಳೂರಿನ ಗೊರಗುಂಟೆಪಾಳ್ಯ ಸಿಗ್ನಲ್ಲಿನಲ್ಲಿ ನಿಮ್ಮ ಎಡಗಾಲನ್ನು ಭೇಟಿ ಮಾಡುತ್ತೇನೆ. ಅಲ್ಲಿ ಮಾತಾಡೋಣ.

ರೋಬಸ್ಟಾ ರ‍್ಯಾಲಿ

ಒಳ್ಳೆ ಚರ್ಚೆ. ನಮ್ಮ ಚಿಕ್ಕಮಗಳೂರಿನವರಿಗೆ ಟರ್ಬೊ ಲ್ಯಾಗ್ ಅಂದರೆ ಏನು, ಅದನ್ನು ಹೇಗೆ ಕೊಲ್ಲುತ್ತಾರೆ ಅಂತ ಕಿವಿಯಲ್ಲೇ ಗೊತ್ತು. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಇಂಡಿಯಾ ಸುತ್ತು ಇಲ್ಲಿನ ಕಾಫಿ ತೋಟದ ಮಣ್ಣುದಾರಿಗಳಲ್ಲಿ ನಡೆದಾಗ ನೋಡಿದವರಿಗೆ ನೆನಪಿರಬಹುದು. ಗೌರವ್ ಗಿಲ್ 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದದ್ದು ಸ್ಕೋಡಾ ಫೇಬಿಯಾ ಆರ್5 ಕಾರಿನಲ್ಲಿ. 1.6 ಲೀಟರ್ ಟರ್ಬೊ. ತಿರುವಿಗೆ ಮುಂಚೆ ಕಾಲು ಎತ್ತಿದಾಗ ಪಟಪಟ ಅಂತ ಸಿಡಿಯುವ ಸದ್ದು ಬರುತ್ತಿತ್ತಲ್ಲ, ಅದು ಆಂಟಿ ಲ್ಯಾಗ್. ಕಾಲು ಎತ್ತಿದರೂ ಸೈಲೆನ್ಸರ್ ಕಡೆ ಇಂಧನ ಉರಿಸಿ ಟರ್ಬೊ ತಿರುಗುತ್ತಲೇ ಇರುವಂತೆ ಮಾಡುತ್ತಾರೆ. ಮತ್ತೆ ತುಳಿದಾಗ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ರೆಡಿ. ಮನೆ ಕಾರಿನಲ್ಲಿ ಇದನ್ನು ಮಾಡಿದರೆ ಟರ್ಬೊ ಬಹಳ ದಿನ ಬಾಳುವುದಿಲ್ಲ.

ಇನ್ನೊಂದು ವಿಷಯ ಜನ ಗಮನಿಸಿರುವುದಿಲ್ಲ. ಆ ಕಾರಿನಲ್ಲಿ ಆಟೊಮ್ಯಾಟಿಕ್ಕೂ ಇಲ್ಲ, ಪ್ಯಾಡಲ್ಲೂ ಇಲ್ಲ. 5 ಗೇರಿನ ಸೀಕ್ವೆನ್ಷಿಯಲ್ (ಗೇರ್ ಒಂದಾದ ಮೇಲೆ ಒಂದು ಮಾತ್ರ ಬರುತ್ತದೆ), ಲಿವರ್ ಹಿಡಿದು ಎಳೆಯಬೇಕು. ವಿಶ್ವ ರ‍್ಯಾಲಿಯ ದೊಡ್ಡ ಕಾರುಗಳೂ 2022ರಿಂದ ಪ್ಯಾಡಲ್ ಬಿಟ್ಟು ಲಿವರಿಗೆ ವಾಪಸ್ ಬಂದವು. ಅದು ಖರ್ಚು ಕಡಿಮೆ ಮಾಡಲು. ಕ್ಲಚ್ ಪ್ರೇಮಿ ಖುಷಿ ಪಡಬೇಡಿ, ಆ ಗೇರ್‌ಬಾಕ್ಸಿಗೂ ನಿಮ್ಮ ಮ್ಯಾನ್ಯುಯಲ್ಲಿಗೂ ಸಂಬಂಧ ಇಲ್ಲ.

ಮಳೆಯವರಿಗೆ ಒಂದು ಎಚ್ಚರಿಕೆ. ಯಾರಾದರೂ "ಎಡಗಾಲಲ್ಲಿ ಬ್ರೇಕ್ ಹಿಡಿದು ಬಲಗಾಲಲ್ಲಿ ತುಳಿದು ಟರ್ಬೊ ಎಬ್ಬಿಸಿ" ಎಂದು ಹೇಳಿದರೆ ಕೇಳಬೇಡಿ. ರ‍್ಯಾಲಿಯಲ್ಲಿ ಮಾಡುತ್ತಾರೆ, ನಿಜ. ಈಗಿನ ರಸ್ತೆ ಕಾರುಗಳಲ್ಲಿ ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಇಸಿಯು ಬ್ರೇಕಿನ ಮಾತು ಕೇಳಿ ಥ್ರಾಟಲ್ ಮುಚ್ಚುತ್ತದೆ. 2009-10ರ ಹೊತ್ತಿಗೆ ಅಮೆರಿಕದಲ್ಲಿ ಟೊಯೊಟಾ ಕಾರುಗಳು ತಾವಾಗಿಯೇ ವೇಗ ಪಡೆಯುತ್ತವೆ ಎಂದು ದೊಡ್ಡ ಗಲಾಟೆ ಆಯಿತಲ್ಲ, ಆಮೇಲೆ ಇದು ಎಲ್ಲ ಕಡೆ ಬಂತು. ಹಾಗಾಗಿ ಟರ್ಬೊ ಏಳುವ ಬದಲು ಮಲಗುತ್ತದೆ. ತಡ ಇನ್ನೂ ಜಾಸ್ತಿ ಆಗುತ್ತದೆ.

ಸಕಲೇಶಪುರ ಸಣ್ಣಕಾರು

ನಾವು ಎಎಂಟಿ ಜನ, ಅಂದರೆ ಮ್ಯಾನ್ಯುಯಲ್ಲಿನ ಕ್ಲಚ್ಚು, ಗೇರು ಎರಡನ್ನೂ ಯಂತ್ರವೇ ಹಾಕುವ ಕಾರಿನವರು. ನಿಮ್ಮ ಅರ್ಧ ಸೆಕೆಂಡಿನ ದುಃಖ ಓದಿ ನಗು ಬಂತು. ನಮ್ಮಲ್ಲಿ ಗೇರ್ ಬದಲಾಗುವಾಗ ಕಾರಿನೊಳಗೆ ಎಲ್ಲರೂ ತಲೆ ಆಡಿಸಿ ಒಪ್ಪಿಗೆ ಕೊಡುತ್ತೇವೆ.

ತಮಾಷೆ ಬಿಡಿ. ಎಎಂಟಿಯಲ್ಲಿ ಕ್ಲಚ್ ಒಂದೇ. ಅದು ಬಿಟ್ಟು, ಗೇರ್ ಹಾಕಿ, ಮತ್ತೆ ಹಿಡಿಯುವ ತನಕ ಎಳೆತ ಪೂರ್ತಿ ನಿಲ್ಲುತ್ತದೆ. ಇಲ್ಲಿ ಕಲಿತ ಒಂದು ಅಭ್ಯಾಸ ನಿಮಗೂ ಆಗಬಹುದು. ಘಾಟಿಯಲ್ಲಿ ಡಿ (ಕಾರೇ ಗೇರ್ ಹಾಕುವ ಮೋಡ್) ಬಿಟ್ಟು ಎಂ (ನಾವೇ ಗೇರ್ ಹಾಕುವ ಮೋಡ್) ಹಾಕಿ. ತಿರುವಿಗೆ ಮುಂಚೆ, ಬ್ರೇಕ್ ಹಿಡಿದಿರುವಾಗಲೇ ಗೇರ್ ಇಳಿಸಿ ಮುಗಿಸಿ. ತಿರುವಿನ ಮಧ್ಯೆ ಗೇರ್ ವಿಷಯವೇ ಬರಬಾರದು. ದೋಣಿಗಾಲಿನಿಂದ ಮಾರನಹಳ್ಳಿ ಕಡೆ ಹೀಗೇ ಓಡಾಡುತ್ತೇವೆ. ಸುಖವಾಗಿದ್ದೇವೆ.

ಅರೇಬಿಕಾ ಆರು ಸಿಲಿಂಡರ್

ಸಣ್ಣಕಾರು ಹೇಳಿದ್ದು ಎಂ340ಐಗೂ ಸರಿ ಹೊಂದುತ್ತದೆ. ಕಂಫರ್ಟ್ ಮೋಡಿನಲ್ಲಿ ನನ್ನದೂ ಬೇಗ ಬೇಗ ಮೇಲಿನ ಗೇರಿಗೆ ಹೋಗಿ ಕೂರುತ್ತದೆ. ಮೈಲೇಜ್ ಮತ್ತು ಹೊಗೆ ಲೆಕ್ಕಕ್ಕೆ ಹಾಗೆ ಬರೆದಿದ್ದಾರೆ. ಸ್ಪೋರ್ಟ್ ಹಾಕಿದರೆ ಕೆಳಗಿನ ಗೇರ್ ಹಿಡಿದುಕೊಂಡಿರುತ್ತದೆ, ಬ್ರೇಕ್ ಜೋರಾಗಿ ಹಿಡಿದಾಗ ತಾನೇ ಇಳಿಸುತ್ತದೆ. ಎಂಜಿನ್ ಅದೇ, ಟರ್ಬೊ ಅದೇ. ಆದರೂ ಬೇರೆ ಕಾರು ಅನಿಸುತ್ತದೆ.

ಗ್ಯಾರೇಜ್ ಹಾಸನ

ಚರ್ಚೆ ವೇಗದ ಕಡೆಗೇ ಹೋಗುತ್ತಿದೆ. ಬಿಸಿಯ ಬಗ್ಗೆ ಯಾರೂ ಮಾತಾಡಿಲ್ಲ. ನನ್ನ ಹತ್ತಿರ ಬರುವ ಕಾರುಗಳಲ್ಲಿ ನಿಜವಾದ ಹಾನಿ ಅಲ್ಲೇ ಕಾಣುತ್ತದೆ.

ಭಾನುವಾರ ಕೈಮರ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿ ಕಡೆ ಹೋಗಿ ನೋಡಿ. ಕಿರಿದಾದ ರಸ್ತೆ, ಕಡಿದಾದ ಏರು, ಕಾರಿನ ಹಿಂದೆ ಕಾರು. ಅಲ್ಲಿ ಡ್ರೈ ಕ್ಲಚ್ ಡಿಸಿಟಿಯವರು ಒಂದೊಂದೇ ಅಡಿ ಮುಂದೆ ಹೋಗುತ್ತಾರೆ. ಕೆಲವರು ಬ್ರೇಕ್ ಬಿಟ್ಟು, ಆಕ್ಸಿಲರೇಟರಿನಲ್ಲೇ ಕಾರನ್ನು ಏರಿನಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಅಷ್ಟು ಹೊತ್ತೂ ಕ್ಲಚ್ ಜಾರುತ್ತಿರುತ್ತದೆ. ತಂಪು ಮಾಡಲು ಎಣ್ಣೆ ಇಲ್ಲ, ಗಾಳಿ ಮಾತ್ರ. ನಿಂತ ಕಾರಿಗೆ ಎಲ್ಲಿಯ ಗಾಳಿ? ಸ್ವಲ್ಪ ಹೊತ್ತಿಗೆ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂದು ಮೀಟರಿನಲ್ಲಿ ಬರುತ್ತದೆ. ಆಮೇಲೆ ನಡುಕ ಶುರು. ಒಮ್ಮೆ ಕ್ಲಚ್ ಮೇಲೆ ಸುಟ್ಟ ಕಲೆ ಬಿದ್ದರೆ ತಣ್ಣಗಾದ ಮೇಲೂ ನಡುಕ ಹೋಗುವುದಿಲ್ಲ.

ಮುಂದಿನ ಕಾರು ನಾಲ್ಕೈದು ಮೀಟರ್ ಹೋಗುವವರೆಗೆ ಬ್ರೇಕ್ ಹಿಡಿದು ನಿಲ್ಲಿ. ಆಟೊ ಹೋಲ್ಡ್ ಇದ್ದರೆ ಹಾಕಿ. ಹೊರಟರೆ ಸರಿಯಾಗಿ ಹೊರಡಿ, ಕ್ಲಚ್ ಪೂರ್ತಿ ಹಿಡಿಯಲಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಕ್ಲಚ್ ಪ್ಯಾಕ್ ಬಿಲ್ ಕಟ್ಟುವವರು ಅವರಲ್ಲ. ಟಾರ್ಕ್ ಕನ್ವರ್ಟರಿನವರಿಗೆ ಈ ಚಿಂತೆ ಕಡಿಮೆ, ಬಿಸಿ ಎಣ್ಣೆಗೆ ಹೋಗುತ್ತದೆ, ಕೂಲರ್ ಅದನ್ನು ತಣಿಸುತ್ತದೆ. ಆದರೆ ಆ ಎಣ್ಣೆ "ಲೈಫ್‌ಟೈಮ್" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಮೀ ಒಳಗೆ ಬದಲಿಸಿ ಅನ್ನುತ್ತದೆ. ಎಣ್ಣೆಯಲ್ಲಿ ಮುಳುಗಿದ 6 ಗೇರಿನ ಹಳೆ ಡಿಎಸ್‌ಜಿಗೆ 60,000 ಕಿಮೀ.

ಇಳಿಯುವಾಗಲೂ ಒಂದು ಮಾತು. ಡಿಯಲ್ಲಿ, ಅದರಲ್ಲೂ ಇಕೊ ಮೋಡಿನಲ್ಲಿ, ಕೆಲವು ಕಾರುಗಳು ಕಾಲು ಎತ್ತಿದ ಕೂಡಲೇ ಕ್ಲಚ್ ಬಿಟ್ಟು ತೇಲುತ್ತವೆ. ಮೈಲೇಜಿಗೆ ಒಳ್ಳೆಯದು. ಶಿರಾಡಿಯಲ್ಲಿ ಗುಂಡ್ಯದ ಕಡೆ ಇಳಿಯುವಾಗ ಮಾತ್ರ ಎಂಜಿನ್ ಬ್ರೇಕಿಂಗ್ ಸಿಗದೆ ಎಲ್ಲ ಭಾರ ಬ್ರೇಕ್ ಪ್ಯಾಡಿನ ಮೇಲೆ. ವಾಸನೆ ಬಂದ ಮೇಲೆ ಗೊತ್ತಾಗುತ್ತದೆ. ಎಂ ಹಾಕಿ, 2 ಅಥವಾ 3ರಲ್ಲಿ ಬಿಡಿ.

ಕೈಮರ ತಿರುವು

ನಮ್ಮ ಬೆಟ್ಟದ ವಿಷಯ ಬಂತು, ಹಾಗಾಗಿ ಸೇರಿಸುತ್ತೇನೆ. ಮುಳ್ಳಯ್ಯನಗಿರಿ 1,930 ಮೀಟರ್. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಹೆಚ್ಚು ಕಡಿಮೆ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಆ ಕೊರತೆ ತುಂಬಿಕೊಡುತ್ತದೆ, ಆದರೆ ಅದಕ್ಕೆ ಇನ್ನೂ ವೇಗವಾಗಿ ತಿರುಗಬೇಕು, ಆ ವೇಗಕ್ಕೆ ಬರಲು ಸ್ವಲ್ಪ ಜಾಸ್ತಿ ಹೊತ್ತು ಬೇಕು. ಹಾಗಾಗಿ ಮಂಗಳೂರಿನಲ್ಲಿ ಇಲ್ಲದ ಲ್ಯಾಗ್ ಮೇಲೆ ಬಂದಾಗ ಕಂಡರೆ ಗಾಬರಿ ಬೇಡ.

ಮಳೆಯವರೇ, ಹೀಗೆ ಪರೀಕ್ಷೆ ಮಾಡಿ. ಬೆಳಗ್ಗೆ ಬೇಗ, ಖಾಲಿ ಮಟ್ಟಸ ರಸ್ತೆ. ಎಂ ಮೋಡ್, 3ನೇ ಗೇರ್, 3,000 ಆರ್‌ಪಿಎಂ ಹಿಡಿದುಕೊಳ್ಳಿ. ಮುಕ್ಕಾಲು ಪೆಡಲ್ ತುಳಿಯಿರಿ. ತಳದ ಕ್ಲಿಕ್ ತನಕ ಹೋಗಬೇಡಿ, ಅದು ಕಿಕ್‌ಡೌನ್ ಸ್ವಿಚ್, ಎಂನಲ್ಲಿ ಇದ್ದರೂ ಬಹಳ ಕಾರುಗಳು ಗೇರ್ ಇಳಿಸಿಬಿಡುತ್ತವೆ. ತಕ್ಷಣ ಎಳೆದರೆ ಎಂಜಿನ್, ಥ್ರಾಟಲ್ ಸರಿ ಇವೆ. ಅದೇ ಗೇರಿನಲ್ಲಿ 1,500ರಿಂದ ಮಾಡಿ. ಇಲ್ಲಿ ಬರುವ ತಡ ಟರ್ಬೊದ್ದು. ಆಮೇಲೆ ಡಿಯಲ್ಲಿ ಅದೇ ವೇಗದಿಂದ ಮಾಡಿ. ಇಲ್ಲಿ ಹೆಚ್ಚಾಗುವ ತಡ ಗೇರ್‌ಬಾಕ್ಸಿನದು. ಕೊನೆಗೆ ಎಂ 3ರಲ್ಲೇ ಅರ್ಧ ಪೆಡಲ್, ಒಮ್ಮೆ ನಾರ್ಮಲ್, ಒಮ್ಮೆ ಸ್ಪೋರ್ಟ್. ಅಲ್ಲಿ ಕಾಣುವ ವ್ಯತ್ಯಾಸ ಪೆಡಲ್ ಮ್ಯಾಪಿನದು.

ಮೂಡಿಗೆರೆ ಮಳೆ

ಮಾಡಿದೆ. ಪಕ್ಕದಲ್ಲಿ ತಮ್ಮನನ್ನು ಕೂರಿಸಿಕೊಂಡು ಮೀಟರ್ ನೋಡಲು ಹೇಳಿದೆ.

3,000ದಲ್ಲಿ ತುಳಿದ ಕೂಡಲೇ ಎಳೆಯುತ್ತದೆ. 1,500ರಲ್ಲಿ ಒಂದು ಸೆಕೆಂಡಿಗಿಂತ ಜಾಸ್ತಿ ಏನೂ ಇಲ್ಲ, ಆಮೇಲೆ ನಿಧಾನಕ್ಕೆ ಏಳುತ್ತದೆ. ಡಿಯಲ್ಲಿ ಮೊದಲು ಅನುಮಾನ, ಆಮೇಲೆ ಗೇರ್ ಇಳಿಸಿ ನುಗ್ಗು. ಪೆಡಲ್ ಮ್ಯಾಪಿನ ವ್ಯತ್ಯಾಸ ಇದೆ, ಆದರೆ ಅದು ದೊಡ್ಡದಲ್ಲ. ಡಬ್ಬಿ ಬೇಡ ಎಂದು ಅಂಗಡಿಗೆ ಹೇಳಿಯಾಯಿತು.

ಚಾರ್ಮಾಡಿಯಲ್ಲೂ ಎಂ ಹಾಕಿ ಹತ್ತಿದೆ. ತಿರುವಿಗೆ ಮುಂಚೆ 2ಕ್ಕೆ ಇಳಿಸಿ, ವೇಗವನ್ನು 20ರ ಕೆಳಗೆ ಬಿಡದೆ, ತಿರುವಿನ ಮಧ್ಯದಿಂದಲೇ ಸ್ವಲ್ಪ ಸ್ವಲ್ಪ ತುಳಿಯುತ್ತಾ ಬಂದರೆ ನುಗ್ಗಾಟ ಇಲ್ಲ. ತೀರಾ ಕಡಿದಾದ ಎರಡು ಮೂರು ತಿರುವಿನಲ್ಲಿ, ಎದುರು ಬಸ್ ಬಂದು ಪೂರ್ತಿ ನಿಧಾನ ಆದಾಗ, ತಡ ಈಗಲೂ ಇದೆ. ಅಲ್ಲಿ ನಾನೇ 1 ಒತ್ತಿದರೆ ಕೆಲವು ಸಲ ತಗೊಳ್ಳುತ್ತದೆ, ಕೆಲವು ಸಲ ತಗೊಳ್ಳುವುದಿಲ್ಲ. ಅದು ಯಾಕೆ?

ಗ್ಯಾರೇಜ್ ಹಾಸನ

ವೇಗ ಅದರ ಮಿತಿಗಿಂತ ಮೇಲಿದ್ದರೆ 1 ಕೊಡುವುದಿಲ್ಲ. ಎಷ್ಟು ಕಿಮೀ ಅಂತ ಪ್ರತಿ ಕಾರಿನಲ್ಲಿ ಬೇರೆ. ಪ್ಯಾಡಲ್ ಒತ್ತಿದ್ದು ಮನವಿ ಮಾತ್ರ, ತೀರ್ಮಾನ ಅದರದ್ದು. ಇನ್ನೂ ಸ್ವಲ್ಪ ನಿಧಾನ ಆದ ಮೇಲೆ ಒತ್ತಿ ನೋಡಿ.

ಮುಂದಿನ ಸರ್ವೀಸಿನಲ್ಲಿ "ಲ್ಯಾಗ್ ಇದೆ" ಎಂದು ಹೇಳಬೇಡಿ, ಮತ್ತೆ "ಹಾಗೇ ಸರ್" ಅನ್ನುತ್ತಾರೆ. ಗೇರ್‌ಬಾಕ್ಸಿನ ಸಾಫ್ಟ್‌ವೇರ್ ಹೊಸದು ಬಂದಿದೆಯಾ ನೋಡಿ, ಕ್ಲಚ್ ಅಡಾಪ್ಟೇಷನ್ ಮತ್ತೆ ಮಾಡಿ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಕ್ಲಚ್ ಸವೆದಂತೆ ಅದು ಎಲ್ಲಿ ಹಿಡಿಯುತ್ತದೆ ಅನ್ನುವ ಜಾಗ ಬದಲಾಗುತ್ತದೆ. ಸ್ಕ್ಯಾನರ್ ಹಾಕಿ ಆ ಜಾಗವನ್ನು ಮತ್ತೆ ಕಲಿಸಬಹುದು. 2ರಲ್ಲಿ ಜಾರಿಸಿಕೊಂಡು ಎಳೆಯುವಾಗಿನ ಅಳುಕು ಅದರಿಂದ ಸ್ವಲ್ಪ ಕಡಿಮೆ ಆಗಬಹುದು. 1,300 ಆರ್‌ಪಿಎಂನಲ್ಲಿ ಟರ್ಬೊ ಏಳದಿರುವುದಕ್ಕೆ ಮಾತ್ರ ಯಾವ ಸ್ಕ್ಯಾನರ್ ಹತ್ತಿರವೂ ಔಷಧಿ ಇಲ್ಲ.

ಕ್ಲಚ್ ಪ್ರೇಮಿ

ಮ್ಯಾನ್ಯುಯಲ್ಲಿನಲ್ಲಿ 1ನೇ ಗೇರಿಗೆ ಮನವಿ ಸಲ್ಲಿಸುವುದು ಇರುವುದಿಲ್ಲ ಅಂತ ಮಾತ್ರ ಹೇಳಿ ಹೊರಡುತ್ತೇನೆ.